ಜೀಪಿನ ಹಿಂಬದಿಯೂ ಬ್ಲಾಂಚ್ ಡಾಕ್ಟರ ಮೂರು ಟ್ಯೂಬುಗಳೂ

ಸಕಲೇಶಪುರ, ಆಲೂರು ಸೀಮೆಯ ಮಕ್ಕಳ ವೈದ್ಯರ ಸಾಲಿನಲ್ಲಿ ಡಾ. ಬ್ಲಾಂಚ್ ರೊಸಾರಿಯೋ ಅವರ ಸ್ಥಾನ ಯಾವುದೆಂಬುದನ್ನು ಹೇಳಲು ನಾನು ಅರ್ಹನಲ್ಲ. ಆದರೆ ಐದು ದಿನ ಬಿಡದೆ ಜ್ವರದಿಂದ ಕಾದ ಮಗುವನ್ನು ಕಂಡೊಡನೆ ಅದರ ಕಣ್ಣು, ತುಟಿ, ನಾಲಿಗೆಗಳ ಜೊತೆಗೆ ತೋಳಿನ ಮೇಲಿನ ಹಳೆಯ ಬಿಸಿಜಿ ಲಸಿಕೆಯ ಗುರುತೂ ಕೆಂಪಾಗಿದೆಯೇ ಎಂದು ನೋಡುವ ಅಭ್ಯಾಸವನ್ನು ನಮ್ಮ ಆಸ್ಪತ್ರೆಯ ಕಾವಲುಗಾರನಿಗೂ ಹಿಡಿಸಿದವರು ಅವರು. ಕವಾಸಾಕಿ ಎಂಬ, ಎಳೆಯ ಮಕ್ಕಳ ರಕ್ತನಾಳಗಳಿಗೆ ಉರಿಯೂತ ತರುವ ಕಾಯಿಲೆಯ ಲಕ್ಷಣಗಳು ಅವು ಎಂದು ಆ ಕಾವಲುಗಾರ ಈಗ ಗೇಟಿನಲ್ಲೇ ತಾಯಂದಿರಿಗೆ ವಿವರಿಸುತ್ತಾನೆ.

ಅಭಿನಂದನ ಸಮಿತಿಯ ಅಧ್ಯಕ್ಷರೂ ನಮ್ಮ ಆಸ್ಪತ್ರೆಯ ಆಡಳಿತಾಧಿಕಾರಿಯೂ ಆದ ಶ್ರೀ ಆಸ್ಟಿನ್ ಅವರು, ಲೇಖನ ಗಂಭೀರವಾಗಿರಲಿ, ಡಾಕ್ಟರ ಸಂಶೋಧನೆಗಳ ಪಟ್ಟಿ ಇರಲಿ ಎಂದು ಸೂಚಿಸಿದ್ದಾರೆ. ಪಟ್ಟಿ ಡಾಕ್ಟರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದ ಕೊನೆಯಲ್ಲಿದೆ, ಆಸಕ್ತರು ನೋಡಬಹುದು. ನಾನು ಬರೆಯುತ್ತಿರುವುದು ಆ ಪಟ್ಟಿಯಲ್ಲಿ ಸೇರದ ಒಂದು ಪ್ರಯೋಗದ ಬಗ್ಗೆ, ಮತ್ತು ಅದಕ್ಕೆ ಕಾರಣವಾದ ನನ್ನ ಒಂದು ಘನವಾದ ತಪ್ಪಿನ ಬಗ್ಗೆ.

ಕೆ. ಹೊಸಕೋಟೆಯಿಂದ ಬಂದು ನಾನು ಇಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿ ಸೇರಿದಾಗ ಡಾಕ್ಟರು ಸೇವೆಗೆ ಬಂದು ಹದಿಮೂರು ವರ್ಷವಾಗಿತ್ತು. ಮೊದಲ ವಾರವೇ ಸ್ಲೈಡುಗಳ ಪೆಟ್ಟಿಗೆಯನ್ನು ಕೆಳಗೆ ಬೀಳಿಸಿದೆ. ಮುಕ್ಕಾಲು ಗಂಟೆ ಬೈದರು. ಮಧ್ಯಾಹ್ನ ಕರೆದು, ತಮ್ಮ ಮನೆಯಿಂದ ತಂದ ಅನ್ನ, ಮೀನು ಸಾರನ್ನು ಅರ್ಧ ನನಗೆ ಬಡಿಸಿದರು. ಅಜ್ಜನ ಕಾಲದಲ್ಲೇ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕುಟುಂಬ ಅವರದು. ಸಾರಿನ ರುಚಿ ಮಾತ್ರ ಇನ್ನೂ ಕೆಳಗೇ ಉಳಿದಿತ್ತು. ಬೈಗುಳ ಉದ್ದವಾದಷ್ಟೂ ಊಟ ಚೆನ್ನಾಗಿರುತ್ತದೆಂದು ಗೊತ್ತಾದ ಮೇಲೆ, ಅವರ ಡಬ್ಬಿಯಲ್ಲಿ ಮೀನು ತಪ್ಪದ ಶುಕ್ರವಾರಗಳಂದು ಬೈಸಿಕೊಳ್ಳಲು ನಮ್ಮಲ್ಲಿ ಸಣ್ಣ ಪೈಪೋಟಿಯೇ ನಡೆಯುತ್ತಿತ್ತು.

ಆರೇಳು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಈ ಕಾಯಿಲೆಯ ಅಧ್ಯಯನಕ್ಕೆ ನಮ್ಮನ್ನೂ ಸೇರಿಸಿಕೊಂಡಿತು. ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಹೃದಯದ ನಾಳಗಳ ಮೇಲೆ ಏಕೆ ಮುಗಿಬೀಳುತ್ತವೆ, ಜ್ವರ ಇಳಿದ ಮೇಲೂ ಆ ಕಣಗಳೊಳಗೆ ಯಾವ ಜೀನ್‌ಗಳು ಎಚ್ಚರವಾಗಿಯೇ ಉಳಿಯುತ್ತವೆ ಎಂಬುದು ಪ್ರಶ್ನೆ. ಕಾಯಿಲೆಯ ಮೊಮ್ಮಗಳನ್ನು ಕರೆತಂದಿದ್ದ ಹೊಂಗಡಹಳ್ಳದ ಕೆಂಚಮ್ಮನಿಗೆ ಡಾಕ್ಟರು ಇದನ್ನು ಎಸ್ಟೇಟಿನ ಭಾಷೆಯಲ್ಲಿ ಬಿಡಿಸಿ ಹೇಳಿದರು: ಜೀನ್‌ಗಳೆಂದರೆ ತೋಟದ ಲೈನ್ ಮನೆಗಳ ಆಳುಗಳು, ಇವತ್ತು ಯಾರು ಕೆಲಸಕ್ಕಿಳಿಯಬೇಕು, ಯಾರು ಸುಮ್ಮನಿರಬೇಕು ಎಂದು ಕೂಗುವ ಮೇಸ್ತ್ರಿಯೊಬ್ಬ ಒಳಗಿರುತ್ತಾನೆ.

ಕೆಂಚಮ್ಮ ಮೊಮ್ಮಗಳ ತಲೆ ಸವರಿ, "ಅಂಗಾರೆ ನಮ್ ಮಗೀನ ಮೈನಾಗೆ ಮೇಸ್ತ್ರಿಗೇ ತಲೆ ಕೆಟ್ಟೋಗೈತೆ ಅನ್ನಿ" ಎಂದಳು.

ಇಷ್ಟು ಸಮರ್ಪಕವಾದ ಸಾರಾಂಶವನ್ನು ನಾನು ಯಾವ ವಿಚಾರಸಂಕಿರಣದಲ್ಲೂ ಕೇಳಿಲ್ಲ.

ಆ ಮೊಮ್ಮಗಳು ರಶ್ಮಿತಾ, ಆಗ ಮೂರು ವರ್ಷದವಳು. ಜ್ವರದ ಎಂಟನೆಯ ದಿನ ಬಂದಿದ್ದಳು. ಔಷಧದಿಂದ ಜ್ವರ ಇಳಿಯಿತು, ಆದರೆ ಹೃದಯದ ಒಂದು ನಾಳ ಊದಿಕೊಂಡೇ ಉಳಿಯಿತು. ಅಧ್ಯಯನದ ದೆಸೆಯಿಂದ ಮೂರು ತಿಂಗಳಿಗೊಮ್ಮೆ ಹೃದಯತಜ್ಞರು ಎಕೋ ಯಂತ್ರದೊಂದಿಗೆ ನಮ್ಮಲ್ಲಿಗೇ ಬರುತ್ತಿದ್ದರು. ಕೆಂಚಮ್ಮನೋ, "ಬೆಂಗ್ಳೂರಿಗೋದ್ರೆ ಇಲ್ದಿರೋ ಕಾಯ್ಲೇನೂ ಅಂಟುಸ್ಕಂಡ್ ಬರ್ಬೇಕಾಯ್ತದೆ, ನಾ ಬರಾಕಿಲ್ಲ" ಎಂದು ಪಟ್ಟು ಹಿಡಿದು ಕೂತಿದ್ದಳು. ಅಧ್ಯಯನ ನಿಂತರೆ ಆ ಹುಡುಗಿಯ ಹೃದಯವನ್ನು ನೋಡುವವರೇ ಇರುತ್ತಿರಲಿಲ್ಲ.

ಅಧ್ಯಯನ ನಿಲ್ಲುವ ಹಂತಕ್ಕೇ ಬಂತು. ಬೆಂಗಳೂರಿನ ಪ್ರೊಫೆಸರರಿಂದ ಪತ್ರ ಬಂದಿತು: ಹೋಲಿಕೆಗೆಂದು ನೀವು ಕಳಿಸುತ್ತಿರುವ ಆರೋಗ್ಯವಂತ ಮಕ್ಕಳ ರಕ್ತಕಣಗಳು ಕಾಯಿಲೆಯಾದ ಮಕ್ಕಳವಕ್ಕಿಂತ ಹೆಚ್ಚು ಕೆರಳಿವೆ, ನಿಮ್ಮ ಬೆಟ್ಟಗಳಲ್ಲಿ ಆರೋಗ್ಯವೆಂದು ಯಾವುದನ್ನು ಕರೆಯುತ್ತೀರಿ ತಿಳಿಸಿ, ಎರಡು ತಿಂಗಳಲ್ಲಿ ಕಾರಣ ಸಿಗದಿದ್ದರೆ ಸಕಲೇಶಪುರವನ್ನು ಕೈಬಿಡಬೇಕಾಗುತ್ತದೆ.

ಎಲ್ಲರೂ ಕಾರಣ ಹುಡುಕಿದೆವು. ಜೀಪ್ ಓಡಿಸುವ ಬಾಲು ಹಳ್ಳದ ನೀರೆಂದ. ನಾನು ಜಂತುಹುಳುವೆಂದೆ, ಇಲ್ಲಿನ ಮಕ್ಕಳು ಹಾಲಿಗಿಂತ ಮೊದಲು ಕಾಫಿ ಕುಡಿಯುತ್ತವೆಂದು ಎರಡು ಪುಟದ ಟಿಪ್ಪಣಿಯನ್ನೂ ಬರೆದುಕೊಟ್ಟೆ. ಡಾಕ್ಟರು ಅದನ್ನು ಓದಿ, ಕನ್ನಡಕ ತೆಗೆದು, "ನಾಳೆ ಜೀಪಲ್ಲಿ ನಾನೂ ಬರ್ತೀನಿ" ಎಂದಷ್ಟೇ ಹೇಳಿದರು.

ಹೊಂಗಡಹಳ್ಳದಲ್ಲಿ ಎಂದಿನಂತೆ ಮಕ್ಕಳ ರಕ್ತ ತೆಗೆದು ಹೊರಟೆವು. ಬಿಸಿಲೆಯ ಕಡೆಯ ಆ ರಸ್ತೆಯನ್ನು ಬಲ್ಲವರಿಗೆ ವರ್ಣನೆ ಬೇಡ, ಅರಿಯದವರು ನಂಬುವುದಿಲ್ಲ. ನನ್ನ ಮಡಿಲಲ್ಲಿ ಟವೆಲ್ಲು ಸುತ್ತಿದ ಒಂದು ಪೆಟ್ಟಿಗೆಯಿತ್ತು. ಹಿಂಬದಿಯಲ್ಲಿ, ಸ್ಟೆಪ್ನಿ ಚಕ್ರಕ್ಕೆ ಒರಗಿ, ಇನ್ನೊಂದು ಪೆಟ್ಟಿಗೆ ಗುಂಡಿಗೊಮ್ಮೆ ಕುಣಿಯುತ್ತಿತ್ತು.

"ಇದ್ಯಾಕೆ ಯೋಗಾನಂದ, ಮಡಿಲಲ್ಲಿ?"

"ಕಾಯಿಲೆ ಮಕ್ಕಳದ್ದು ಡಾಕ್ಟ್ರೇ, ಪಾಪ."

"ಹಿಂದೆ ಇರೋದು?"

"ಅದು ಗಟ್ಟಿಮುಟ್ಟಾದ ಮಕ್ಕಳದ್ದು. ಅದಕ್ಕೇನಾಗುತ್ತೆ?"

ಅವರು ಬೈಯಲಿಲ್ಲ; ಸಕಲೇಶಪುರ ಮುಟ್ಟುವವರೆಗೆ ಗುಂಡಿಗೊಮ್ಮೆ ತಿರುಗಿ ಹಿಂದಿನ ಪೆಟ್ಟಿಗೆಯನ್ನು ನೋಡಿದರು. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ನನಗೆ ನಿಜವಾಗಿ ಭಯವಾದದ್ದು ಅಂದೇ.

ಮರುದಿನ ರಕ್ತ ಕೊಡಲು ತೋಳು ಚಾಚಿ ನನ್ನೆದುರು ಕೂತರು. "ಮೂರು ಟ್ಯೂಬು ತೆಗಿ. ಒಂದು ಮೇಜಿನ ಮೇಲೆ, ಒಂದು ನಿನ್ನ ಮಡಿಲಲ್ಲಿ, ಒಂದು ಹಿಂದುಗಡೆ. ಹೊಂಗಡಹಳ್ಳಕ್ಕೆ ಹೋಗಿ ಬಾ. ಬ್ಲಾಂಚ್ ಡಾಕ್ಟರ ರಕ್ತ ಯಾವಾಗಲೂ ಕುದೀತಿರುತ್ತೆ ಅಂತೀರಲ್ಲ, ನೋಡೇಬಿಡೋಣ."

ಒಬ್ಬರ ರಕ್ತವನ್ನು ನೆಚ್ಚಬಾರದೆಂದು ಬಾಲುವಿನದು, ನನ್ನದು, ಒಟ್ಟು ಆರು ಜನರದು ಹೀಗೆಯೇ ಪ್ರಯಾಣ ಮಾಡಿತು. ಆರನೆಯವರಾದ ಶ್ರೀ ಆಸ್ಟಿನ್ ಅವರು ಸೂಜಿ ಕಂಡೊಡನೆ ಕುರ್ಚಿಯಿಂದ ಜಾರಿದ ಸಂಗತಿಯನ್ನು ಬರೆಯಬಾರದೆಂದು ಅಪ್ಪಣೆಯಾಗಿದೆ, ಆದ್ದರಿಂದ ಬರೆಯುವುದಿಲ್ಲ.

ಫಲಿತಾಂಶ ಬಂತು. ಮೇಜಿನ ಮೇಲಿದ್ದ ರಕ್ತ ಶಾಂತ, ಮಡಿಲಿನದು ಹೆಚ್ಚುಕಡಿಮೆ ಶಾಂತ. ಹಿಂಬದಿಯಲ್ಲಿ ಕುಲುಕಿದ ಕಣಗಳು ಮಾತ್ರ, ಒಂದೊಂದು ಗುಂಡಿಯನ್ನೂ ಶತ್ರುವಿನ ದಾಳಿಯೆಂದೇ ಬಗೆದು, ಉರಿಯೂತದ ಜೀನ್‌ಗಳನ್ನೆಲ್ಲ ಎಬ್ಬಿಸಿ ಕೂರಿಸಿದ್ದವು. ಎರಡು ವರ್ಷ ನಾನು ಕರುಣೆಯಿಂದ ಕಾಯಿಲೆಯ ರಕ್ತವನ್ನು ಜೋಪಾನ ಮಾಡಿ, ಆರೋಗ್ಯದ ರಕ್ತಕ್ಕೆ ಕಾಯಿಲೆ ಬರಿಸಿದ್ದೆ.

ಕೆಲಸ ಹೋಯಿತೆಂದೇ ತಿಳಿದೆ. ನನ್ನ ಕೆಲಸಕ್ಕಿಂತ ಹೆಚ್ಚಾಗಿ ರಶ್ಮಿತಾಳ ಮುಖ ಕಣ್ಣಮುಂದೆ ಬರುತ್ತಿತ್ತು. ನನ್ನ ಪೆದ್ದುತನಕ್ಕೆ ಆ ಮಗು ಏಕೆ ಬಲಿಯಾಗಬೇಕು? ಪ್ರೊಫೆಸರರಿಗೆ ಹೋದ ಪತ್ರದ ಪ್ರತಿಯನ್ನು ಫೈಲಿನಲ್ಲಿ ನೋಡಿದೆ. ಫಲಿತಾಂಶಗಳ ಕೆಳಗೆ ಒಂದೇ ಸಾಲಿತ್ತು: ಸಾಗಿಸುವ ಕ್ರಮವನ್ನು ಬರೆದುಕೊಡದೆ ಹೋದದ್ದು ನನ್ನ ತಪ್ಪು, ಬ್ಲಾಂಚ್ ರೊಸಾರಿಯೋ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಅನಂತರ ಕರೆದು ಬೈದರು, ಒಂದೂಕಾಲು ಗಂಟೆ. ಅಂದಿನ ಊಟ ನನ್ನ ಜೀವಮಾನದಲ್ಲೇ ಶ್ರೇಷ್ಠವಾದದ್ದು, ಆದರೆ ಎರಡನೆಯ ತುತ್ತಿಗೇ ಅತ್ತುಬಿಟ್ಟೆ. "ಸಾರು ಖಾರವಾಯ್ತಾ?" ಎಂದು ಕೇಳಿ ಅವರು ಕಿಟಕಿಯ ಕಡೆ ತಿರುಗಿದರು. ಆ ತಪ್ಪು ಯಾರದೆಂದು ಅಚ್ಚಿನಲ್ಲಿ ಬರುತ್ತಿರುವುದು ಇದೇ ಮೊದಲು.

ಅಧ್ಯಯನದಲ್ಲಿ ನಮ್ಮ ಕೇಂದ್ರ ಉಳಿಯಿತು. ರಕ್ತ ತೆಗೆದ ಜಾಗದಲ್ಲೇ ಜೀನ್‌ಗಳನ್ನು ಇದ್ದ ಸ್ಥಿತಿಯಲ್ಲಿ ಹಿಡಿದಿಡುವ ದ್ರವವಿರುವ ಟ್ಯೂಬುಗಳನ್ನು ಪ್ರೊಫೆಸರರೇ ಕಳಿಸಿದರು. ಆದರೂ ಯಾವ ಮಗುವಿನದಾದರೂ ಸರಿ, ಟ್ಯೂಬು ಮಡಿಲಲ್ಲೇ ಬರಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಅದರ ಮುಂದಿನ ವರ್ಷದ ಎಕೋದಲ್ಲಿ ರಶ್ಮಿತಾಳ ನಾಳ ತನ್ನ ಸಹಜ ಗಾತ್ರಕ್ಕೆ ಮರಳಿತ್ತು.

"ಮೇಸ್ತ್ರಿಗೆ ಬುದ್ಧಿ ಬಂತೇನ್ರವ್ವಾ?" ಎಂದಳು ಕೆಂಚಮ್ಮ.

"ಬಂತು ಕಣಮ್ಮ" ಎಂದರು ಡಾಕ್ಟರು.

ಕಳೆದ ತಿಂಗಳು, ನಿವೃತ್ತಿಗೆ ಮುನ್ನ, ಕೊನೆಯ ಸುತ್ತಿಗೆಂದು ಹೊಂಗಡಹಳ್ಳಕ್ಕೆ ಹೋಗಿದ್ದೆವು. ರಶ್ಮಿತಾ ಈಗ ನಾಲ್ಕನೆಯ ತರಗತಿ; ಸಕಲೇಶಪುರದ ಅತ್ತೆಯ ಮನೆಗೆ ಹೋಗಬೇಕೆಂದು ಜೀಪು ಹತ್ತಿದಳು. ಮುಂದೆ ಇದ್ದದ್ದು ಒಂದೇ ಸೀಟು. ಡಾಕ್ಟರು ಅವಳನ್ನು ಅಲ್ಲಿ ಕೂರಿಸಿ, ಮಡಿಲಿಗೆ ಪೆಟ್ಟಿಗೆಯಿಟ್ಟು, ಅರವತ್ತೈದು ವರ್ಷದ ಬೆನ್ನುನೋವಿನೊಂದಿಗೆ ತಾವು ನನ್ನ ಜೊತೆ ಸ್ಟೆಪ್ನಿಯ ಪಕ್ಕ ಬಂದು ಕೂತರು. ಬೇಡವೆಂದು ಬೇಡಿಕೊಂಡೆ.

"ಗಟ್ಟಿಮುಟ್ಟಾದವರಿಗೆ ಏನಾಗುತ್ತೆ ಮಾರಾಯ?" ಎಂದರು.

ಪೂಜ್ಯ ಡಾಕ್ಟರು ನೂರ್ಕಾಲ ಬಾಳಲಿ, ಗುರುವಾರಗಳ ಮಕ್ಕಳ ತಪಾಸಣೆಯನ್ನು ನಿವೃತ್ತಿಯ ನೆವದಲ್ಲಿ ಬಿಡದಿರಲಿ, ಶುಕ್ರವಾರಗಳಂದು ನಮ್ಮನ್ನು ಬೈಯಲು ಮರೆಯದಿರಲಿ. ಮೂವತ್ತೈದು ವರ್ಷ ನಮ್ಮೆಲ್ಲರ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು, ತಾವು ಹಿಂಬದಿಯಲ್ಲಿ ಕುಲುಕುತ್ತಾ ಬಂದವರು ಇನ್ನಾದರೂ ಮುಂದಿನ ಸೀಟಿನಲ್ಲಿ ಕೂರಲಿ. ಪೆಟ್ಟಿಗೆ ಹಿಡಿಯಲು ನಾನಿದ್ದೇನೆ.