ಕಡಲು ತೆರೆದ ಮೇಲಿನ ಶನಿವಾರ

ಅತ್ತಾವರದ ಇಸಿದೋರರು ಮಂಗಳೂರಿನ ಒಂದು ಕಾಲೇಜಿನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಟೈಪಿಸ್ಟರಾಗಿದ್ದರು. ಒಂದು ಅಕ್ಷರ ತಪ್ಪಿದರೆ ಇಡೀ ಹಾಳೆಯನ್ನು ಹರಿದು ಹೊಸದಾಗಿ ಶುರು ಮಾಡುವ ಜಾತಿ. ಅಂಥವರನ್ನು ಊರು ಜಾಣರೆನ್ನುತ್ತದೆ, ಕೊನೆಗೆ ಅವರೂ ಅದನ್ನು ನಂಬಿಬಿಡುತ್ತಾರೆ. ಸಣ್ಣ ತಪ್ಪು ಮಾಡದವರಿಗೆ ದೊಡ್ಡದೊಂದು ಕಾದು ಕೂತಿರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತಾರರ ಎಪ್ರಿಲ್‌ನಲ್ಲಿ ಹೊಳೆಯಾಚೆ ಉಳ್ಳಾಲದಲ್ಲಿ ವಾಂತಿಭೇದಿ ಎದ್ದಿತು. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ನೋಣಯ್ಯ ಮಾಸ್ತರರು ಅದೇ ಊರಿನವರು, ಅವರ ಕೇರಿಯಲ್ಲಿ ಬಿ.ಎ. ಓದಿದ ಮೊದಲಿಗರು. ಅವರು ಇಪ್ಪತ್ತು ವಿದ್ಯಾರ್ಥಿಗಳ ಸೇವಾದಳ ಕಟ್ಟಿಕೊಂಡು ದೋಣಿ ಹತ್ತಿದರು. ಸೂಜಿ ಚುಚ್ಚಿಸಿಕೊಂಡವರ ಹೆಸರು ಬರೆಯಲು ಒಬ್ಬರು ಬೇಕಿತ್ತು, ಇಸಿದೋರರು ಜೊತೆಗೆ ಹೋದರು. ರೋಗದ ಕ್ರಿಮಿ ಸಾಯಲೆಂದು ಬಾವಿಗೆ ಕೆಂಪು ಮದ್ದು ಬಿಡುವ ಕೆಲಸವೂ ಹೇಗೋ ಅವರ ಕೈಗೇ ಬಂತು. ಬೆಳಿಗ್ಗೆ ಎಂಟು ಗಂಟೆ. ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾರೆ. ಅವರ ಕಣ್ಣೆದುರೇ ಇಸಿದೋರರು ಮದ್ದು ಕಲಸಿದ ಬಾಲ್ದಿಯನ್ನು ಬಾವಿಗಿಳಿಸಿದರು. ನೀರು ಕೆಂಪಾಯಿತು.

ಎಲ್ಲರಿಗಿಂತ ಮುಂದೆ ನಿಂತಿದ್ದವಳು ನೋಣಯ್ಯ ಮಾಸ್ತರರ ದೊಡ್ಡಮ್ಮ ದೇಯಿ. ತಾಯಿಯಿಲ್ಲದ ಮಗುವನ್ನು ಸಾಕಿ ಓದಿಸಿದವಳು ಅವಳೇ. ಬಾವಿಗೊಮ್ಮೆ ಇಣುಕಿ ನೋಡಿ, "ನೆತ್ತರಿನ ಹಾಗೆ ಉಂಟು. ಇದನ್ನು ನಾನು ಕುಡಿಯುವುದಿಲ್ಲ ಮಗಾ," ಎಂದವಳೇ ಕೊಡವನ್ನು ಸೊಂಟಕ್ಕೇರಿಸಿ ಕೆರೆಯ ದಾರಿ ಹಿಡಿದಳು. ಅವಳ ಹಿಂದೆ ಇಡೀ ಕೇರಿ ಹೋಯಿತು. ಮಾರಿ ಇದ್ದದ್ದೇ ಆ ಕೆರೆಯಲ್ಲಿ. ನಾಲ್ಕನೆಯ ದಿನ ದೇಯಿ ಮಲಗಿದಳು. ಗಟ್ಟಿ ಜೀವ, ಉಳಿದಳು. ಆದರೆ ಆ ಕೇರಿಯಲ್ಲಿ ಮೂವರು ಉಳಿಯಲಿಲ್ಲ.

ಬಾಲ್ದಿ ಇಳಿಸಿದ ಕೈ ನನ್ನದು ಎನ್ನುವುದು ಇಸಿದೋರರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

"ಪೊರ್ಬುಗಳೇ, ಈ ಕೆಂಪು ನೀರಿನ ತೊಂದರೆ ನಮಗೆ ಮಾತ್ರ ಬಂದದ್ದಾ?" ಎಂದು ಕೇಳಿದರು ನೋಣಯ್ಯ ಮಾಸ್ತರರು. ತುಳುವರು ಕ್ರಿಸ್ತುವರನ್ನು ಗೌರವದಿಂದ ಕರೆಯುವುದು ಹಾಗೆಯೇ. "ದೇಶದಲ್ಲಿ ಎಷ್ಟೋ ಕಾಲೇಜು ಉಂಟು. ಹುಡುಗರು ಎಲ್ಲ ಕಡೆ ಬಾವಿಗೆ ಮದ್ದು ಹಾಕ್ತಾರೆ, ರಾತ್ರಿ ಶಾಲೆ ನಡೆಸ್ತಾರೆ. ಯಾರಿಗಾದರೂ ಉಪಾಯ ಗೊತ್ತಿರಬೇಕು. ಅವರಿಗೆ ಗೊತ್ತಿದ್ದದ್ದು ನಮಗೆ ಗೊತ್ತಾಗುವುದು ಹೇಗೆ?"

"ಕಾಗದ ಬರೀಬೇಕು," ಎಂದರು ಇಸಿದೋರರು. ಟೈಪಿಸ್ಟರು ಬೇರೆ ಎಂತ ಹೇಳಿಯಾರು!

ಹೀಗೆ ದೇಶದ ಕಾಲೇಜು ಸೇವಾದಳಗಳನ್ನೆಲ್ಲ ಒಂದು ಕೂಟಕ್ಕೆ ತರುವ ಕನಸು ಹುಟ್ಟಿತು. ಜೂನ್‌ನಲ್ಲಿ ನಲವತ್ತಮೂರು ಕಾಲೇಜುಗಳಿಗೆ ಸುತ್ತೋಲೆ ಹೋಯಿತು. ಮೂರು ಪುಟ, ಉದ್ದೇಶಗಳು ಹದಿನಾಲ್ಕು, ಒಂದಕ್ಷರ ತಪ್ಪಿಲ್ಲ. ಓದಿದವರಿಗೆ ಕೇಳಲು ಏನೂ ಉಳಿಯದಷ್ಟು ಪರಿಪೂರ್ಣ. ಆಗಸ್ಟ್ ಬರುವವರೆಗೆ ಬಂದ ಉತ್ತರ ಎರಡು. ಒಂದು, ಬರೀ ಶುಭಾಶಯ ಕೋರಿದ್ದು. ಇನ್ನೊಂದು, ವಿಳಾಸ ಸಿಗದೆ ಮರಳಿದ ಇವರದೇ ಲಕೋಟೆ.

ಪ್ರಿನ್ಸಿಪಾಲರು ಕೆಟ್ಟವರಲ್ಲ, ಆದರೆ ಅವರ ತಾಳ್ಮೆಗೂ ಒಂದು ತಳವಿತ್ತು. "ಇನ್ನೊಂದೇ ಒಂದು ಸುತ್ತೋಲೆ ಕಳಿಸಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಕಡತ ಮುಚ್ಚಿ ಕಪಾಟಿಗೆ ಹಾಕಿ," ಎಂದರು.

ಈ ಸಲ ನೋಣಯ್ಯ ಮಾಸ್ತರರು ಒಂದೇ ಪುಟ ಬರೆದರು. ಎಲ್ಲರೂ ಮಂಗಳೂರಿಗೆ ಬನ್ನಿ, ಎರಡು ದಿನ ಕೂತು ಮಾತಾಡೋಣ, ಅಷ್ಟೇ. ದಿನಾಂಕದ ಜಾಗ ಖಾಲಿ ಬಿಟ್ಟು, "ಬೊಂಬಾಯಿಯವರು ಸ್ಟೀಮರಿನಲ್ಲಿ ಬರುವವರು. ಬಂದರಿನಲ್ಲಿ ಕೇಳಿ ತುಂಬಿಸಿ ಪೊರ್ಬುಗಳೇ," ಎಂದರು. ಮಳೆಗಾಲದಲ್ಲಿ ಈ ಕರಾವಳಿಗೆ ಸ್ಟೀಮರು ಇಲ್ಲ. ಕಡಲು ಮುಚ್ಚಿತು ಎಂದರೆ ಮುಚ್ಚಿತು, ಮತ್ತೆ ತೆರೆಯುವವರೆಗೆ ವ್ಯಾಪಾರಿಯಿಂದ ಹಿಡಿದು ಮದುವೆಯ ಮನೆಯವರವರೆಗೆ ಎಲ್ಲರೂ ಕಾಯುವವರೇ. ಇಸಿದೋರರು ಬಂದರಿಗೆ ಹೋದರು. ಸ್ಟೀಮರ್ ಆಫೀಸಿನ ಗುಮಾಸ್ತ ಎಲೆಯಡಿಕೆಯ ಬಾಯಿಯಲ್ಲೇ, "ಯಾವ ತಾರೀಕು ಅಂತ ನಾನು ಹೇಳುವುದಲ್ಲ ಮಾರಾಯ್ರೆ, ಕಡಲು ಹೇಳುವುದು," ಎಂದ.

ಸರಿಯಾದ ಮಾತೇ. ಇಸಿದೋರರು ಮೇಜಿಗೆ ಮರಳಿ ಸ್ವಲ್ಪ ಯೋಚಿಸಿದರು. ಸುಳ್ಳು ತಾರೀಕು ಹಾಕುವ ಮನುಷ್ಯ ಅವರಲ್ಲ. ಅವರ ಇಂಗ್ಲಿಷು ಕಾಲೇಜಿಗೇ ಹೆಸರುವಾಸಿ. "ಕಡಲು ತೆರೆದ ಮೇಲೆ ಬರುವ ಮೊದಲನೆಯ ಶನಿವಾರ ಸಭೆ" ಎಂದು ಚೆಂದದ ಇಂಗ್ಲಿಷಿನಲ್ಲಿ ಕುಟ್ಟಿದರು. ನೋಣಯ್ಯ ಮಾಸ್ತರರು ಓದಿ ತಲೆಯಾಡಿಸಿದರು. ಇದೇ ಊರಿನಲ್ಲಿ ಮೂವತ್ತು ವರ್ಷ ಕಳೆದ ಪ್ರಿನ್ಸಿಪಾಲರು ಓದಿ ಸಹಿ ಹಾಕಿದರು. ನಲವತ್ತಮೂರು ಲಕೋಟೆಗಳು ಟಪಾಲಿಗೆ ಬಿದ್ದವು.

ಅಂದು ಸಂಜೆ ಮನೆಯಲ್ಲಿ ಹೆಂಡತಿ ಅಪೊಲೋನಿಯಾ ಗಂಜಿ ಬಡಿಸುತ್ತಿದ್ದಳು. ಗಂಡ ಆಫೀಸಿನ ಕಾಗದವನ್ನು ಕೊಂಕಣಿಗಿಳಿಸಿ ಹೇಳುವುದು, ಅವಳು ಹೂಂ ಹೂಂ ಎನ್ನುವುದು ಆ ಮನೆಯ ರೂಢಿ. ನಾಲ್ಕನೆಯ ಕ್ಲಾಸು ಓದಿದವಳು, ಬೀಡಿ ಕಟ್ಟುವವಳಂತೆ ಕೈ ನಿಲ್ಲಿಸದೆ ಕೇಳಿಸಿಕೊಳ್ಳುತ್ತಿದ್ದಳು. ಅಂದು ಮಾತ್ರ ಸೌಟು ಗಾಳಿಯಲ್ಲೇ ನಿಂತಿತು.

"ಈ ಕಾಗದ ಎಲ್ಲೆಲ್ಲಿಗೆ ಹೋಯ್ತು?"

"ಮದ್ರಾಸು, ನಾಗಪುರ, ಕಲ್ಕತ್ತಾ, ಲಾಹೋರು..."

"ಲಾಹೋರಿನಲ್ಲಿ ಕಡಲು ಉಂಟಾ?"

ಇಸಿದೋರರು ಎದ್ದೇಬಿಟ್ಟರು. ಗಂಜಿಯ ಬಟ್ಟಲನ್ನು ಹಾಗೆಯೇ ಬಿಟ್ಟು, ಚಪ್ಪಲಿಯೂ ಇಲ್ಲದೆ, ಆ ಜಡಿಮಳೆಯಲ್ಲಿ ಟಪಾಲು ಕಚೇರಿಗೆ ಓಡಿದರು. ನಲವತ್ತಾರು ವಯಸ್ಸಿನ, ಹೊಟ್ಟೆ ಬಂದ ಮನುಷ್ಯ ಓಡುವುದನ್ನು ಅತ್ತಾವರ ಅದೇ ಮೊದಲು ನೋಡಿದ್ದು. ಚೀಲ ಆಗಲೇ ರೈಲು ಹತ್ತಿತ್ತು.

ಮರುದಿನ ನೋಣಯ್ಯ ಮಾಸ್ತರರ ಎದುರು ನಿಂತು ಪ್ರತಿಯನ್ನು ಮುಂದೆ ಹಿಡಿದರು. "ಸರ್, ದೊಡ್ಡ ತಪ್ಪಾಯ್ತು. ಓದಿ."

ಮಾಸ್ತರರು ಎರಡೆರಡು ಸಲ ಓದಿದರು. "ಎಂತ ತಪ್ಪು? ಸರಿ ಉಂಟಲ್ಲ?"

"ತಾರೀಕು ಎಲ್ಲಿ ಸರ್?"

"ಇಲ್ಲಿ ಉಂಟಲ್ಲ, ಕಡಲು ತೆರೆದ ಮೇಲೆ..." ಎಂದವರ ಬಾಯಿ ತೆರೆದೇ ಉಳಿಯಿತು. ಉಳ್ಳಾಲದಲ್ಲಿ ಹುಟ್ಟಿದವರಿಗೆ ಅದು ತಾರೀಕಲ್ಲ ಎಂದು ಹೊಳೆಯಬೇಕಾದರೂ ಹೇಗೆ? ಮಾಸ್ತರರು ಮೂರನೆಯ ಸಲ ಓದಿದರು. ಆಮೇಲೆ ಮೆಲ್ಲಗೆ, "ನನಗೂ ಕಾಣಲಿಲ್ಲ ಪೊರ್ಬುಗಳೇ. ನಿಮ್ಮೊಬ್ಬರ ತಪ್ಪಲ್ಲ," ಎಂದರು. ಬೈದಿದ್ದರೆ ಇಸಿದೋರರಿಗೆ ಸುಖವಾಗುತ್ತಿತ್ತು.

ಮುಂದಿನ ಹತ್ತು ದಿನ ಅವರಿಗೆ ಊಟ ರುಚಿಸಲಿಲ್ಲ. ತಿದ್ದಿ ಕಳಿಸೋಣವೆಂದರೆ ಪ್ರಿನ್ಸಿಪಾಲರು ಒಪ್ಪಿದ್ದು ಒಂದೇ ಸುತ್ತೋಲೆಗೆ, ತಾರೀಕನ್ನು ಕಡಲೂ ಇನ್ನೂ ಹೇಳಿಲ್ಲ. ಮೊದಲ ಕಾಗದಕ್ಕೆ, ಎಲ್ಲ ಸರಿಯಿದ್ದ ಕಾಗದಕ್ಕೆ, ಯಾರೂ ಉತ್ತರಿಸಿಲ್ಲ. ಈ ಹುಚ್ಚು ಕಾಗದಕ್ಕೆ ಯಾರು ಉತ್ತರಿಸುತ್ತಾರೆ? ಕಡತ ಕಪಾಟು ಸೇರುತ್ತದೆ. ಬರುವ ಬೇಸಿಗೆಯಲ್ಲಿ ಬಾವಿ ಮತ್ತೆ ಕೆಂಪಾಗುತ್ತದೆ, ದೇಯಿ ಮತ್ತೆ ಕೆರೆಗೆ ಹೋಗುತ್ತಾಳೆ. ಇಗರ್ಜಿಯಲ್ಲಿ ಮೊಣಕಾಲೂರಿದಾಗಲೂ ಕಣ್ಣಿಗೆ ಬರುತ್ತಿದ್ದದ್ದು ಅದೇ ಬಾಲ್ದಿ.

ಹನ್ನೊಂದನೆಯ ದಿನ ಅಂಚೆಯ ತುಕ್ರ ಕಚೇರಿಯ ಬಾಗಿಲಲ್ಲಿ ಕೊಡೆ ಮಡಚಿದ. "ಇಸಿದೋರ್ ಪೊರ್ಬುಗಳೇ, ನಿಮಗೆ ಎಂತ ಮದುವೆಯಾ? ಇಷ್ಟು ಕಾಗದ!"

ಹದಿನೇಳು ಇದ್ದವು. ಇಸಿದೋರರು ಮೊದಲನೆಯದನ್ನು ಒಡೆದರು. ಅದು ಲಾಹೋರಿನದೇ. "ಮಾನ್ಯರೇ, ತಮ್ಮ ಕಡಲು ಯಾವಾಗ ತೆರೆಯುತ್ತದೆಂದು ನಮ್ಮ ಭೂಗೋಳದ ಪ್ರೊಫೆಸರರನ್ನು ಕೇಳಿದೆವು. ಅವರಿಗೂ ಗೊತ್ತಿಲ್ಲ. ದಯವಿಟ್ಟು ತಿಳಿಸಿ. ಅದು ಮುಚ್ಚುವುದಾದರೂ ಏಕೆ? ಹೇಗೂ ಬರೆಯುತ್ತಿದ್ದೇವಾದ್ದರಿಂದ ಹೇಳುತ್ತೇವೆ, ಇಲ್ಲಿ ನಮ್ಮ ಹುಡುಗರು ಇಟ್ಟಿಗೆ ಗೂಡಿನ ಕೂಲಿಗಳಿಗೆ ಶಾಲೆ ನಡೆಸುತ್ತಿದ್ದಾರೆ..." ಅಲ್ಲಿಂದ ಎರಡು ಪುಟ.

ನಾಗಪುರದವರೂ ಅದನ್ನೇ ಕೇಳಿದ್ದರು. ಕಲ್ಕತ್ತಾದವರೂ. ಪ್ರಶ್ನೆ ಕೇಳಲೆಂದು ಪೆನ್ನು ಹಿಡಿದವರು, ಹಿಡಿದಿದ್ದೇವಲ್ಲ ಎಂದು ತಮ್ಮ ಊರಿನ ಕಥೆಯನ್ನೂ ಬರೆದಿದ್ದರು. ಕಲ್ಲಿಕೋಟೆಯವರೊಬ್ಬರು ಮಾತ್ರ ಏನೂ ಕೇಳದೆ, "ಬರುತ್ತೇವೆ" ಎಂದು ಒಂದು ಸಾಲು ಗೀಚಿದ್ದರು. ಅವರದೂ ಇದೇ ಕಡಲಲ್ಲವೇ! ಮಚಲೀಪಟ್ಟಣದಿಂದ ಬಂದ ಕಾಗದ ಹೀಗಿತ್ತು: "ನಿಮ್ಮ ಕಡಲಿಗೂ ನಮ್ಮ ಕಡಲಿಗೂ ಪಂಚಾಂಗ ಬೇರೆಯಿರಬೇಕು. ತಾರೀಕು ತಿಳಿಸಿ. ಕೆಂಪು ಮದ್ದಿನ ವಿಷಯ ಜೂನ್‌ನಲ್ಲೇ ಬರೆದಿದ್ದಿರಿ, ಹದಿನಾಲ್ಕು ಉದ್ದೇಶಗಳ ನಡುವೆ ನಾವು ಗಮನಿಸಲಿಲ್ಲ, ಕ್ಷಮಿಸಿ. ನಮಗೂ ಹಾಗೆಯೇ ಆಗಿತ್ತು. ಈಗ ನಾವು ಮದ್ದನ್ನು ಬೆಳಿಗ್ಗೆ ಹಾಕುವುದಿಲ್ಲ. ಹೆಂಗಸರೆಲ್ಲ ನೀರು ಸೇದಿಕೊಂಡು ಹೋದ ಮೇಲೆ, ಹೊತ್ತು ಮುಳುಗುವಾಗ ಹಾಕುತ್ತೇವೆ. ಬೆಳಗಾಗುವಷ್ಟರಲ್ಲಿ ಬಣ್ಣ ಹೋಗಿರುತ್ತದೆ."

ಇಷ್ಟೇ. ಇಷ್ಟು ಸಣ್ಣ ಮಾತು! ಇಸಿದೋರರು ಟೈಪ್‌ರೈಟರಿನ ಮೇಲೆ ತಲೆಯಿಟ್ಟು ಅತ್ತರು. ಮೂರು ಜೀವಗಳಿಗಾಗಿ ಅತ್ತರು, ತಮಗೇ ಹೋದ ಜೀವ ಮರಳಿದಂತಾದ ಸಮಾಧಾನಕ್ಕೂ ಅತ್ತರು. ಗಾಬರಿಯಾದ ತುಕ್ರ ನೀರು ತಂದುಕೊಟ್ಟ.

ತಿಂಗಳೊಳಗೆ ನಲವತ್ತಮೂರರಲ್ಲಿ ಮೂವತ್ತೊಂಬತ್ತು ಕಾಲೇಜುಗಳು ಬರೆದವು. ಪ್ರಿನ್ಸಿಪಾಲರು ಆ ರಾಶಿಯನ್ನು ನೋಡಿ, ನಡೆದದ್ದನ್ನು ಕೇಳಿ, ತಮ್ಮ ಸಹಿಯನ್ನೊಮ್ಮೆ ನೋಡಿಕೊಂಡು, "ಕಡತ ಮುಚ್ಚಬೇಡಿ," ಎಂದು ನಗುತ್ತಾ ಒಳಗೆ ಹೋದರು. ಸೆಪ್ಟೆಂಬರ್‌ನಲ್ಲಿ ಮೊದಲ ಸ್ಟೀಮರು ಬಂತು, ಎಲ್ಲರಿಗೂ ಸರಿಯಾದ ತಾರೀಕು ಹೋಯಿತು. ಸಭೆಗೆ ಬಂದವರು ಹನ್ನೊಂದು ಮಂದಿ. ಲಾಹೋರಿನ ಹುಡುಗ ಐದು ದಿನದ ರೈಲು ಇಳಿದವನೇ ಸಾಮಾನನ್ನು ಇಸಿದೋರರ ಕೈಗೆ ಕೊಟ್ಟು, ತೆರೆದ ಕಡಲನ್ನು ನೋಡಲು ಹೋದ. ಒಬ್ಬರು ಕಲಿತದ್ದನ್ನು ಎಲ್ಲರಿಗೂ ತಿಂಗಳಿಗೊಮ್ಮೆ ಮಂಗಳೂರಿನಿಂದ ಬರೆದು ಕಳಿಸುವುದು ಎಂದು ಸಭೆ ತೀರ್ಮಾನಿಸಿತು. ಮುಂದೆ ಹತ್ತು ವರ್ಷ ಆ ಹಾಳೆಯನ್ನು ಕುಟ್ಟಿದ ಬೆರಳುಗಳು ಇಸಿದೋರರವು. ಆದರೆ ಅಪೊಲೋನಿಯಾ ಕೇಳಿ ಹೂಂ ಎನ್ನದೆ ಒಂದು ಹಾಳೆಯೂ ಟಪಾಲಿಗೆ ಬೀಳಲಿಲ್ಲ.

ಮರುವರ್ಷ ಎಪ್ರಿಲ್‌ನಲ್ಲಿ ಉಳ್ಳಾಲಕ್ಕೆ ಮತ್ತೆ ಮಾರಿಯ ಸುದ್ದಿ ಬಂತು. ಸೇವಾದಳ ದೋಣಿ ಹತ್ತಿತು. ಹೊತ್ತು ಮುಳುಗುವವರೆಗೆ ಕಾದು, ಬಾಲ್ದಿಯನ್ನು ತಾವೇ ಕೇಳಿ ಇಸಿದುಕೊಂಡು ಇಳಿಸಿದವರು ಇಸಿದೋರರು. ಕೇರಿಗೆ ಮುಚ್ಚುಮರೆ ಬೇಡವೆಂದು ನೋಣಯ್ಯ ಮಾಸ್ತರರು ಮನೆಮನೆಗೆ ಹೋಗಿ ಹೇಳಿ ಬಂದರು: ಮದ್ದು ಬಿದ್ದಿದೆ, ಬೆಳಿಗ್ಗೆ ನೀವೇ ನೋಡಿ.

ಬೆಳಿಗ್ಗೆ ಮೊದಲು ಬಂದವಳು ದೇಯಿ. ಬಾವಿ ಕೆಡಿಸಿದನೆಂದು ಒಂದು ವರ್ಷದಿಂದ ಮಗನೊಡನೆ ನೆಟ್ಟಗೆ ಮಾತಾಡದವಳು. ಯಾರ ಮುಖವನ್ನೂ ನೋಡದೆ ನೀರು ಸೇದಿ ಬೊಗಸೆಯಲ್ಲಿ ಹಿಡಿದು ಬೆಳಕಿಗೊಡ್ಡಿದಳು. ಕೆಂಪಿಲ್ಲ. ಮೂಸಿದಳು. ಇಸಿದೋರರು ಬಾವಿಕಟ್ಟೆಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದರು. ದೇಯಿ ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು, ಕೈಯನ್ನು ಸೀರೆಗೆ ಒರಸಿಕೊಂಡಳು.

"ನೀರಿನ ಹಾಗೆಯೇ ಉಂಟು ಮಗಾ," ಎಂದಳು. ಆಮೇಲೆ ಇಸಿದೋರರ ಕಡೆ ತಿರುಗಿ, "ಪೊರ್ಬುಗಳೇ, ನಿಮ್ಮ ಮುಖ ಎಂತ ಹಾಗೆ ಬಾಡಿದೆ? ಬನ್ನಿ, ನೀವೂ ಸ್ವಲ್ಪ ಕುಡಿಯಿರಿ," ಎಂದು ಕೊಡ ಬಗ್ಗಿಸಿದಳು.

ಇಸಿದೋರರು ಬೊಗಸೆಯೊಡ್ಡಿದರು. ಹೊಟ್ಟೆ ತುಂಬ ಕುಡಿದರು.