ದಾವಲಸಾಬರ ಬೋಲ್ಟು
ಕಾಗದದ ಮಿಲ್ಲಿಗೆ ಬಿದಿರು ತರುವ ಲಾರಿಗಳ ಹೊಗೆಕೊಳವೆಗೆ ದಾಂಡೇಲಿಯ ದಾವಲಸಾಬ ಮಿಸ್ತ್ರಿಯವರು ಬೋಲ್ಟು ಆರಿಸಲು ಕೂತರೆ ಗ್ಯಾರೇಜಿಗೆ ಗ್ಯಾರೇಜೇ ಉಸಿರು ಬಿಗಿಹಿಡಿಯುತ್ತದೆ. ಹೊಸದರ ಹೊಳಪನ್ನು ಅವರು ನಂಬುವುದಿಲ್ಲ. ಒಂದೊಂದನ್ನೂ ಕೆಂಪಗೆ ಕಾಯಿಸಿ, ತಣಿಸಿ, ಹಲ್ಲಲ್ಲಿ ಕಚ್ಚಿ ಹಿಡಿದು, ಬೋಲ್ಟು ಬಿಗಿಯುವ ಪಾನಾದಿಂದ ತಟ್ಟಿ ಕಣ್ಣು ಮುಚ್ಚುತ್ತಾರೆ. ಒಳಗೆ ಬಿರುಕಿದೆ ಎನಿಸಿದರೆ ಚರಂಡಿಗೆ ಎಸೆಯುತ್ತಾರೆ. ಒಪ್ಪಿದ್ದನ್ನು ಬಿಗಿದು, ಸಡಿಲಾಗದಂತೆ ತಲೆಗೆ ತಂತಿ ಸುತ್ತಿ, "ಕೊಳವಿ ಕಳಚಿ ಕುಳಗಿ ಅಡವ್ಯಾಗ ಒಂದು ಕಿಡಿ ಸಿಡಿದ್ರ ಲಾರಿನೂ ಉಳಿಯೂದಿಲ್ಲ, ಅಡವಿನೂ ಉಳಿಯೂದಿಲ್ಲ" ಎನ್ನುತ್ತಾರೆ. ಅವರು ತಟ್ಟುವಾಗ ಡ್ರೈವರುಗಳು ಎಂಜಿನ್ನು ನಿಲ್ಲಿಸಿ, ಬೀಡಿಯ ಕೆಮ್ಮನ್ನೂ ನುಂಗಿಕೊಂಡು ನಿಲ್ಲುತ್ತಾರೆ. ಮೊನ್ನೆ ಚಹಾ ತಂದ ಅವರ ಹೆಂಡತಿ ಮದೀನಾಬಿ ಹೊಸ ಡ್ರೈವರನಿಗೆ ಮೆಲ್ಲಗೆ ಹೇಳಿದರು: "ಅವರ ಕಿವಿ ಹೋಗಿ ಬಾಳ ವರ್ಷ ಆತ್ರಿ, ಎಲ್ಲಾ ಹಲ್ಲಿಗೇ ತಿಳೀತೈತಿ. ಆದ್ರೂ ಗದ್ದಲ ಮಾಡಬ್ಯಾಡ್ರಿ. ಕಣ್ಣು ತೆರೆದಾಗ ನೀವು ಸುಮ್ಮನ ನಿಂತದ್ದು ಅವರಿಗೆ ಕಾಣ್ತೈತಿ."