ಗಂಗಾಂಬಿಕೆ ಟೀಚರ ಎರಡನೇ ಅಲ್ಮೆರಾ

ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಂದು ಹಸಿರು ಅಲ್ಮೆರಾ ಇತ್ತು. ಅಲ್ಮೆರಾ ಸರ್ಕಾರದ್ದು, ಬೀಗ ಮಾತ್ರ ಗಂಗಾಂಬಿಕೆ ಟೀಚರ ಸ್ವಂತದ್ದು. ಬೀಗದ ಕೈ ಸದಾ ಅವರ ಸೊಂಟದಲ್ಲಿ. ಅವರು ವಿಜ್ಞಾನದ ಶಿಕ್ಷಕಿ. ಒಳಗಿದ್ದದ್ದು ಅವರೇ ಕೂತು ಬರೆದ ಚಾರ್ಟುಗಳು, ರಟ್ಟು, ಬಾಟಲಿಗಳಲ್ಲಿ ಮಾಡಿದ ಮಾದರಿಗಳು. ಯಾರಾದರೂ ಒಂದು ಚಾರ್ಟು ಕೇಳಿದರೆ, "ಅದಕ್ಕೆ ಗೆದ್ದಲು ಹಿಡಿದಿದೆ ಮಾರಾಯ್ರೆ" ಎನ್ನುತ್ತಿದ್ದರು. ಮರುದಿನ ಅದೇ ಚಾರ್ಟು ಒಂಬತ್ತನೇ ತರಗತಿಯ ಗೋಡೆಯ ಮೇಲೆ ಫಳಫಳ ಹೊಳೆಯುತ್ತಿತ್ತು.

ಜಿಪುಣಿ ಎಂದು ಬೆನ್ನ ಹಿಂದೆ ಆಡಿಕೊಳ್ಳದವರಿಲ್ಲ. ಪಕ್ಕದ ಮೇಜಿನಲ್ಲಿ ಕೂರುವ ಕನ್ನಡ ಮೇಡಂ ನಾನು, ನನಗೆ ಅವರ ಕಾರಣ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಟಲಿ, ಬಲೂನು ಸೇರಿಸಿ ಅವರೊಂದು ಶ್ವಾಸಕೋಶದ ಮಾದರಿ ಮಾಡಿದ್ದರಂತೆ. ಅಡಿಯ ರಬ್ಬರ್ ಎಳೆದರೆ ಬಲೂನು ಉಬ್ಬಬೇಕು, ಬಿಟ್ಟರೆ ಇಳಿಯಬೇಕು. ಬೇರೆ ಶಾಲೆಯ ಮೇಷ್ಟ್ರೊಬ್ಬರು ಎರಡು ದಿನಕ್ಕೆಂದು ಒಯ್ದು, ಇವರ ಹೆಸರಿನ ಚೀಟಿ ಕಿತ್ತು, ತಮ್ಮ ಹೆಸರು ಅಂಟಿಸಿ ಬಹುಮಾನ ಹೊಡೆದರು. ಅಂದು ಹಾಕಿದ ಬೀಗ ಅದು. ಆ ಮೇಷ್ಟ್ರ ಮೇಲೆ ನನಗೂ ಹೊಟ್ಟೆ ಉರಿಯುತ್ತದೆ, ಸುಮ್ಮನೆ ಯಾಕೆ ಮುಚ್ಚಿಡಲಿ.

ಎರಡು ಸಾವಿರದ ಏಳರ ಮಳೆಗಾಲ ಮುಗಿಯುತ್ತಿದ್ದಂತೆ ಕೊಪ್ಪದಲ್ಲಿ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ನಡೆಯಿತು. ಕನ್ನಡದವರಿಗೆ ಕಂಪ್ಯೂಟರ್ ಯಾಕೆ ಎಂದು ನನ್ನನ್ನು ಕರೆಯಲಿಲ್ಲ. ಆ ಸಿಟ್ಟು ಇನ್ನೂ ಇದೆ, ಅದು ಬೇರೆ ಮಾತು. ತರಬೇತಿ ಕೊಟ್ಟದ್ದು ಶೃಂಗೇರಿ ಕಡೆಯ ಸಿದ್ದಾರ್ಥ ಎಂಬ ಹುರುಪಿನ ಮೇಷ್ಟ್ರು. ಇಂಟರ್‌ನೆಟ್ಟಿನಲ್ಲಿ ಪಾಠಕ್ಕಾಗುವ ಪುಟ ಸಿಕ್ಕಿದರೆ ಅದನ್ನು ಒಂದು ತಾಣದಲ್ಲಿ ಗುರುತು ಹಾಕಿಡಬಹುದು, ಪಕ್ಕದಲ್ಲಿ ನಾಲ್ಕು ಮಾತು ಬರೆದುಕೊಳ್ಳಬಹುದು, ಯಾವ ಊರಿನ ಕಂಪ್ಯೂಟರಿನಲ್ಲಿ ಕೂತರೂ ತೆಗೆಯಬಹುದು ಎಂದು ಬೆಳಿಗ್ಗೆ ಹೇಳಿಕೊಟ್ಟು, ಎಲ್ಲರಿಗೂ ಒಂದೊಂದು ಪಾಸ್‌ವರ್ಡ್ ಮಾಡಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಗಂಗಾಂಬಿಕೆ ಟೀಚರ್ ಊಟ ಮುಗಿಸಿ ಬಸ್ಸು ಹತ್ತಿಬಿಟ್ಟರು. ಮಧ್ಯಾಹ್ನ ಕರೆಂಟು ಬಂದ ಮೇಲೆ ಸಿದ್ದಾರ್ಥ ಮೇಷ್ಟ್ರು ಹೇಳಿದ್ದೇ ಮುಖ್ಯ ಸಂಗತಿ, ನನಗೂ ಅದು ತಿಳಿದದ್ದು ಬಹಳ ಆಮೇಲೆ: ಒಬ್ಬರು ಹಾಕಿದ ಗುರುತು ಉಳಿದವರಿಗೆಲ್ಲ ಕಾಣುತ್ತದೆ, ಹಂಚಿಕೊಳ್ಳುವುದಕ್ಕೇ ಇದು ಇರುವುದು.

ನಮ್ಮ ಟೀಚರು ಮಾತ್ರ ಹಿಗ್ಗಿ ಬಂದರು. "ಇದೊಂಥರ ಎರಡನೇ ಅಲ್ಮೆರಾ ಕಣ್ರೀ. ಪಾಸ್‌ವರ್ಡ್ ಅಂದ್ರೆ ಬೀಗದ ಕೈ. ಕದಿಯೋಕೂ ಆಗಲ್ಲ, ಗೆದ್ದಲೂ ಹಿಡಿಯಲ್ಲ" ಎಂದರು.

ಆಮೇಲೆ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ನರಸಿಂಹರಾಜಪುರದ ಬಸ್ ಸ್ಟ್ಯಾಂಡ್ ಬಳಿ ಪ್ರಕಾಶನ ಸೈಬರ್ ಸೆಂಟರಿಗೆ ಹೋಗುವುದೇ ಅವರ ವ್ರತವಾಯಿತು. ಒಂದು ಪುಟ ತೆರೆಯುವಷ್ಟರಲ್ಲಿ ಒಂದು ಟೀ ಕುಡಿದು ಬರಬಹುದಿತ್ತು. ಆದರೂ ಬಿಡದೆ ಹುಡುಕಿದರು. ಯಾರೂ ನೋಡುವುದಿಲ್ಲ ಎಂಬ ಧೈರ್ಯದಲ್ಲಿ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿ, ಪಕ್ಕದಲ್ಲಿ ಮನಸ್ಸಿಗೆ ಬಂದದ್ದೆಲ್ಲ ಬರೆದರು.

ಮೂರು ತಾಲ್ಲೂಕಿನ ಶಿಕ್ಷಕರು ಸೇರಿ ಶೃಂಗೇರಿಯಲ್ಲಿ ವಿಜ್ಞಾನ ಪ್ರದರ್ಶನ ನಡೆಸುವುದಿತ್ತು. ಮೊದಲ ಬಹುಮಾನ ಪ್ರತಿ ಸಲ ನಮ್ಮ ಶಾಲೆಗೇ, ಅಂದರೆ ಗಂಗಾಂಬಿಕೆ ಟೀಚರಿಗೇ. ಈ ಸಲ ಅವರು ಸಿರಿಂಜು, ಗ್ಲೂಕೋಸ್ ಪೈಪು ಸೇರಿಸಿ ಜೆಸಿಬಿ ಮಾಡಿಸಿದ್ದರು. ಈ ಸಿರಿಂಜು ಒತ್ತಿದರೆ ನೀರು ಹರಿದು, ಅತ್ತ ರಟ್ಟಿನ ಕೈ ಮಣ್ಣೆತ್ತುತ್ತಿತ್ತು. ನೀರು ಕಾಣಲೆಂದು ಕುಂಕುಮ ಕದಡಿದರೆ ಪೈಪು ಕಟ್ಟಿಕೊಂಡಿತು. ಕೊನೆಗೆ ಬೀಟ್‌ರೂಟ್ ಬೇಯಿಸಿದ ನೀರು ಸೋಸಿ ಹಾಕಿದರು. ಆ ಉಪಾಯ ಯಾವ ಪುಟದಲ್ಲೂ ಇರಲಿಲ್ಲ, ಅವರ ತಲೆಯದ್ದೇ.

ಶೃಂಗೇರಿಯ ಸಭಾಂಗಣದೊಳಗೆ ಕಾಲಿಟ್ಟೆವು. ಮೊದಲ ಮೇಜಿನ ಮೇಲೆ ಸಿರಿಂಜಿನ ಜೆಸಿಬಿ. ಮೂರನೇ ಮೇಜಿನ ಮೇಲೂ ಜೆಸಿಬಿ. ಕಿಟಕಿಯ ಹತ್ತಿರ ಇನ್ನೊಂದು, ಅದಕ್ಕೆ ಹಳದಿ ಬಣ್ಣ ಬೇರೆ ಬಳಿದಿದ್ದರು. ಎಲ್ಲದರ ಪೈಪಿನಲ್ಲೂ ಬೀಟ್‌ರೂಟ್ ನೀರು.

ಟೀಚರ ಮುಖ ಅದೇ ಬಣ್ಣಕ್ಕೆ ತಿರುಗಿತು. ಸೊಂಟ ಮುಟ್ಟಿ ನೋಡಿಕೊಂಡರು, ಬೀಗದ ಕೈ ಅಲ್ಲೇ ಇತ್ತು. ನನ್ನ ಕಡೆ ತಿರುಗಿ, "ನೀವು ಯಾರಿಗಾದ್ರೂ ಹೇಳಿದ್ರಾ?" ಎಂದರು.

"ಎಂತ ಮಾತು ಆಡ್ತೀರಿ? ನಾನು ಬೀಟ್‌ರೂಟ್ ಪಲ್ಯ ಮಾಡಿದ್ದು ಬಿಟ್ರೆ ನಂಗೇನೂ ಗೊತ್ತಿಲ್ಲ" ಎಂದೆ. ನನಗೂ ಮೈ ಉರಿದಿತ್ತು. ಆದರೆ ಅವರ ಕಣ್ಣಲ್ಲಿ ನೀರು ಕಂಡಿತು. ಬಹುಮಾನ ಹೋಗುತ್ತದೆಂಬ ದುಃಖವಲ್ಲ ಅದು. ಹೆಸರು ಮತ್ತೊಮ್ಮೆ ಕಿತ್ತುಕೊಂಡರಲ್ಲ ಎಂಬ ಸಂಕಟ.

ಅಷ್ಟರಲ್ಲಿ ಸೀತೂರಿನ ಕಡೆಯ ಶಾಲೆಯ ದೀಪಶ್ರೀ ಎಂಬ ಹೊಸ ಟೀಚರು ಓಡಿಬಂದು ಅವರ ಕೈ ಹಿಡಿದಳು. "ಗಂಗಾಂಬಿಕೆ ಟೀಚರ್ ನೀವೇ ಅಲ್ವಾ? ಕುಂಕುಮ ಬೇಡ ಅಂತ ನೀವು ಬರೀದೇ ಇದ್ದಿದ್ರೆ ನಮ್ಮ ಪೈಪೆಲ್ಲ ಹಾಳಾಗ್ತಿತ್ತು. ಪ್ರತಿ ಸೋಮವಾರ ನಾನು ಮೊದ್ಲು ನೋಡೋದೇ ನಿಮ್ಮ ಗುರುತು."

"ನನ್ನ ಗುರುತು ನಿಂಗೆ ಹೇಗೆ ಕಾಣತ್ತೆ?"

"ನಂಗೊಬ್ಳಿಗಾ? ಎಲ್ರಿಗೂ ಕಾಣತ್ತೆ ಟೀಚರ್! ಅದಕ್ಕೇ ಅಲ್ವಾ ಅದು ಇರೋದು?"

ಟೀಚರು ಪಕ್ಕದ ಬೆಂಚಿನ ಮೇಲೆ ಕೂತರು. "ಬರೆದಿದ್ದೂ ಕಾಣತ್ತಾ?"

"ಹೂಂ. ನಿಮ್ಮ ಹೆಡ್ ಮಾಷ್ಟ್ರು ವಿದ್ಯುತ್ ಪಾಠ ಮಾಡುವಾಗ ಮಕ್ಕಳೂ ಅವರೂ ಒಟ್ಟಿಗೇ ನಿದ್ದೆ ಹೋಗ್ತಾರೆ ಅಂತ ಬರ್ದಿದೀರಲ್ಲ, ಅದನ್ನಂತೂ ಎಲ್ಲಾ ಶಾಲೆಯವರೂ ಓದಿದಾರೆ."

ನನಗೆ ನಗು ತಡೆಯಲಾಗಲಿಲ್ಲ. ಪುಣ್ಯಕ್ಕೆ ಹೆಡ್ ಮಾಷ್ಟ್ರು ಸೋಮಶೇಖರಪ್ಪನವರು ಹೊರಗೆ ಮಕ್ಕಳಿಗೆ ಉಪ್ಪಿಟ್ಟು ಹಂಚಿಸುತ್ತಿದ್ದರು. ದೀಪಶ್ರೀ ಟೀಚರನ್ನು ಎಬ್ಬಿಸಿ ತನ್ನ ಮೇಜಿಗೆ ಕರೆದೊಯ್ದಳು. ಮಕ್ಕಳು ಬರೆದ ಚಾರ್ಟಿನ ಕೆಳಗೆ ದಪ್ಪ ಅಕ್ಷರದಲ್ಲಿ 'ಉಪಾಯ ಹೇಳಿಕೊಟ್ಟವರು: ಗಂಗಾಂಬಿಕೆ ಟೀಚರ್' ಎಂದಿತ್ತು. ಕಿಟಕಿಯ ಹತ್ತಿರದ ಹಳದಿ ಜೆಸಿಬಿಯ ಕೆಳಗೂ ಅವರದೇ ಹೆಸರು. ಟೀಚರು ಆ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಬಹುಮಾನ ಹಳದಿ ಜೆಸಿಬಿಗೆ ಹೋಯಿತು. ನಮಗೆ ಎರಡನೆಯದು.

ಮುಂದಿನ ಶನಿವಾರ ನನ್ನನ್ನೂ ಸೈಬರ್ ಸೆಂಟರಿಗೆ ಎಳೆದುಕೊಂಡು ಹೋದರು. ಯಾರಿಗೂ ಕಾಣದ ಹಾಗೆ ಮಾಡಲು ಪ್ರತಿ ಗುರುತಿಗೂ ಒಂದು ಸಣ್ಣ ಚೌಕವಿದೆ, ಅದನ್ನು ಒತ್ತಿದರೆ ಸಾಕು ಎಂದು ಪ್ರಕಾಶ ತೋರಿಸಿಕೊಟ್ಟ. ಟೀಚರು ಮೊದಲು ಹೆಡ್ ಮಾಷ್ಟ್ರ ನಿದ್ದೆಯನ್ನು ಮುಚ್ಚಿದರು. ಆಮೇಲೆ ಜೆಸಿಬಿಯ ಪುಟಕ್ಕೆ ಬಂದು ಮೌಸ್ ಹಿಡಿದು ಕೂತುಬಿಟ್ಟರು.

"ಒತ್ತಿ ಮಾರಾಯ್ರೆ, ಬಸ್ಸು ಹೋಗತ್ತೆ" ಎಂದೆ.

"ಆ ಮನುಷ್ಯ ಕೇಳಿ ಒಯ್ದು ನನ್ನ ಹೆಸ್ರು ಕಿತ್ತ. ಇವ್ರು ನಂಗೆ ಗೊತ್ತಿಲ್ದೇನೆ ತಗೊಂಡು ನನ್ನ ಹೆಸ್ರು ಬರ್ದಿದಾರೆ" ಎಂದು ಮೌಸಿನಿಂದ ಕೈ ತೆಗೆದರು. ಚೌಕ ಖಾಲಿಯೇ ಉಳಿಯಿತು.

ಆಮೇಲೆ ಹೊಸದೊಂದು ಪುಟ ಹುಡುಕತೊಡಗಿದರು. ಮೊದಲ ಬಸ್ಸು ಹೋಯಿತು. ಬಾಟಲಿ, ಬಲೂನಿನ ಶ್ವಾಸಕೋಶ ಮಾಡುವ ವಿಧಾನ ಕೊನೆಗೂ ಸಿಕ್ಕಿತು. ಗುರುತು ಹಾಕಿ, ಪಕ್ಕದಲ್ಲಿ ಒಂದೊಂದೇ ಅಕ್ಷರ ಕುಟ್ಟಿದರು: "ದೀಪಶ್ರೀ, ಇದು ನಿಮ್ಮ ಮಕ್ಕಳಿಗೆ. ಇದರಲ್ಲಿ ಹೇಳಿದ ಬಲೂನು ಬೇಡ, ಅದಕ್ಕಿಂತ ಸಣ್ಣದು ತಗೊಳ್ಳಿ. ನಾನು ಮಾಡಿ ನೋಡಿದ್ದೇನೆ."